ಗೈಡಿನ ಬೆನ್ನ ಹಿಂದಿನ ಜಾಗ

ಚಿಗುಸಾ ನನ್ನ ಕಟಿಂಗ್ ಶಾಪಿಗೆ ಮೊದಲ ಸಲ ಬಂದಾಗ ಅವಳ ತಲೆಯಿಂದ ಗಂಧಕದ ವಾಸನೆ ಬರುತ್ತಿತ್ತು. ಪ್ರೀತಿ ಹೂವಿನ ಘಮದಿಂದಲೇ ಶುರುವಾಗಬೇಕು ಎನ್ನುವವರು ನಮ್ಮೂರಿಗೆ ಬಂದು ಒಂದು ವಾರ ಇದ್ದು ನೋಡಲಿ. ಬೆನ್ನಿಗೇ ಜ್ವಾಲಾಮುಖಿ ಇರುವ ಊರು. ಬಿಸಿಲಿಗೆ ಹಾಕಿದ ಹಾಸಿಗೆಗೂ ಕೊಳೆತ ಮೊಟ್ಟೆಯ ವಾಸನೆ ಅಂಟುತ್ತದೆ. ನಮಗೆ ಅದೇ ಅಭ್ಯಾಸ.

"ಹಿಂದ್ಗಡೆ ಕತ್ತಿನ ಹತ್ರ ಪೂರ್ತಿ ತೆಗೆದುಬಿಡಿ," ಎಂದಳು ಕನ್ನಡಿಯೊಳಗಿಂದ. "ಹೆಲ್ಮೆಟ್ ಒಳಗೆ ಬೆವರಿ ಕಡಿತ."

"ಮುಂದ್ಗಡೆ?"

"ಅದು ನಿಮ್ಮಿಷ್ಟ. ನನ್ನ ಮುಖ ಯಾರು ನೋಡ್ತಾರೆ? ಬೆಟ್ಟದಲ್ಲಿ ಎಲ್ಲರೂ ನೋಡೋದು ನನ್ನ ಬೆನ್ನು."

ನಾನು ಮುಖವನ್ನೇ ನೋಡಿದೆ. ಕ್ಷೌರದ ಕೆಲಸದಲ್ಲಿ ಇರುವ ಸುಖ ಇದೊಂದೇ, ಕನ್ನಡಿಯಲ್ಲಿ ಎಷ್ಟು ಹೊತ್ತು ನೋಡಿದರೂ ಯಾರೂ ಏನೂ ಅನ್ನುವುದಿಲ್ಲ. ಬಿಸಿಲಿಗೆ ಸುಲಿದ ಮೂಗು, ಗಲ್ಲದ ಮೇಲೆ ಹೆಲ್ಮೆಟ್ ಪಟ್ಟಿ ಉಳಿಸಿದ ಬಿಳಿ ಗೆರೆ, ಬಿಗಿದುಕೊಂಡಿದ್ದರೂ ತುದಿಯಲ್ಲಿ ನಗು ಇಟ್ಟುಕೊಂಡ ತುಟಿ. ಬಿಸಿ ಟವೆಲ್ ಕತ್ತಿಗೆ ಇಟ್ಟ ಕೂಡಲೇ ನಿದ್ದೆ ಹೋದಳು. ರೇಜರ್ ಹಿಡಿದ ಅಪರಿಚಿತನ ಮುಂದೆ ಅಷ್ಟು ನೆಮ್ಮದಿಯಾಗಿ ನಿದ್ದೆ ಹೋದವರನ್ನು ನಾನು ಕಂಡಿರಲಿಲ್ಲ. ಆವತ್ತೇ ನನ್ನ ಕಥೆ ಮುಗಿಯಿತು.

ಅವಳ ಪೂರ್ತಿ ಹೆಸರು ಓರಿತಾ ಚಿಗುಸಾ, ಓರಿತಾ ಎನ್ನುವುದು ಮನೆತನದ್ದು. ನಮ್ಮೂರಿನ ಆ ಜ್ವಾಲಾಮುಖಿ, ಯುನೊದಾಕೆ ಬೆಟ್ಟದ ಗೈಡ್. ನಾನು ಸೊಗಾಬೆ. ಅಂಗಡಿ ಅಪ್ಪನಿಂದ ಬಂದದ್ದು, ಬಾಯಿ ಅಮ್ಮನಿಂದ ಬಂದದ್ದು. ಬೆಟ್ಟದ ಬುಡದಲ್ಲೇ ಹುಟ್ಟಿ ಮೂವತ್ತೈದು ದಾಟಿದ್ದರೂ ಒಮ್ಮೆಯೂ ಹತ್ತಿದವನಲ್ಲ. ಅದು ಹೊರಗಿನವರ ಚಟ ಎಂದು ಬಿಟ್ಟಿದ್ದೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಹತ್ತದೇ ಇದ್ದುದರಿಂದ ನನಗೆ ಹತ್ತಿರದ ಬೆಟ್ಟವೂ ನುಣ್ಣಗೇ ಇತ್ತು.

ಮುಂದಿನ ಸೋಮವಾರ, ನಮ್ಮ ಕಸುಬಿನವರಿಗೆಲ್ಲ ರಜೆಯ ದಿನ, ಹೊಸ ಶೂ ಹಾಕಿಕೊಂಡು ಹೋಗಿ ಅವಳ ತಂಡದಲ್ಲಿ ನಿಂತೆ.

"ಅರೆ, ಕಟಿಂಗ್ ಶಾಪಿನವರು!" ಎಂದು ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಶೂ ನೋಡಿದಳು, ಹೊಟ್ಟೆ ನೋಡಿದಳು, ಅಷ್ಟು ದೂರ ನಡೆದು ಬನ್ನಿ ಎಂದು ನಡೆಸಿಯೂ ನೋಡಿದಳು. ಆಮೇಲೆ ಎಲ್ಲರ ಎದುರಿಗೇ, ಹೆಸರಿಗೆ ಮರ್ಯಾದೆಯ 'ಸಾನ್' ಸೇರಿಸಿ ಹೇಳಿದಳು, "ಸೊಗಾಬೆ-ಸಾನ್, ನೀವು ನನ್ನ ಹಿಂದೇನೇ ಬನ್ನಿ."

ಅಷ್ಟು ಜನರಲ್ಲಿ ನನ್ನನ್ನು! ಗಟ್ಟಿಮುಟ್ಟಾದ ಗಂಡಸರೆಲ್ಲ ಹಿಂದೆ, ನಾನು ಅವಳ ನೆರಳು ತುಳಿಯುವಷ್ಟು ಹತ್ತಿರ. ನಾನೇ ಸವರಿದ ಕತ್ತು ಇಡೀ ದಾರಿ ನನ್ನ ಕಣ್ಣ ಮುಂದೆ. ಅವಳೋ ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನನ್ನನ್ನೇ ನೋಡುತ್ತಿದ್ದಳು.

"ಸೊಗಾಬೆ-ಸಾನ್, ಏನಾದ್ರೂ ಮಾತಾಡ್ತಾ ಬನ್ನಿ."

ಕೇಳಬೇಕೇ? ಪಕ್ಕದ ತೋಫು ಅಂಗಡಿಯವನ ಜಗಳ, ತಲೆಗೆ ಕಪ್ಪು ಹಚ್ಚಿಸಿಕೊಳ್ಳುವ ಅಂಚೆಯವರ ಗುಟ್ಟು, ನಮ್ಮಮ್ಮನ ಮೂಲಂಗಿ ಉಪ್ಪಿನಕಾಯಿ, ಎಲ್ಲ ಹೇಳಿದೆ. ನಾನು ಮಾತು ನಿಲ್ಲಿಸಿದರೆ ಸಾಕು, ಅವಳೂ ನಿಂತು ತಿರುಗಿ ನೋಡುವಳು. "ನಿಲ್ಲಿಸ್ಬೇಡಿ, ಹೇಳಿ, ಆಮೇಲೆ?"

ಆ ವಸಂತದಿಂದ ಶರತ್ಕಾಲದವರೆಗೆ ಒಂದು ಸೋಮವಾರವನ್ನೂ ಬಿಡಲಿಲ್ಲ. ತಂಡದಲ್ಲಿ ಯಾರೇ ಇರಲಿ, ಎರಡನೇ ಜಾಗ ನನ್ನದೇ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ತೋಫು ಅಂಗಡಿಗೆ ಹೇಳಿದಳು. ತೋಫು ಅಂಗಡಿಗೆ ಹೇಳಿದ ಮೇಲೆ ಡಂಗುರ ಸಾರುವ ಖರ್ಚಿಲ್ಲ.

ಬೆಟ್ಟ ಹತ್ತುವ ಕಾಲದ ಕೊನೆಯ ವಾರ ಹತ್ತಿರ ಬರುತ್ತಿದ್ದಾಗ ಅವಳು ಮತ್ತೆ ನನ್ನ ಕುರ್ಚಿಯಲ್ಲಿ ಕೂತಿದ್ದಳು. ಈ ಸಲ ನಿದ್ದೆ ಮಾಡಲಿಲ್ಲ.

"ಹೊಕ್ಕೈಡೊದಿಂದ ಕರೆ ಬಂದಿದೆ. ವರ್ಷವಿಡೀ ಕೆಲಸ, ಮನೆ ಅವರೇ ಕೊಡ್ತಾರೆ," ಎಂದಳು ಕನ್ನಡಿಗೆ. "ಸೋಮವಾರ ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳ್ಬೇಕು."

ಹೊಕ್ಕೈಡೊ ಎಂದರೆ ದೇಶದ ಆ ತುದಿ. ನಮ್ಮದು ಈ ತುದಿ. ನನ್ನ ರೇಜರ್ ಗಾಳಿಯಲ್ಲೇ ನಿಂತಿತು.

"ನೀವು ಏನು ಹೇಳ್ತೀರಿ?"

"ಇಲ್ಲೇ ಇರೋಕೆ ಕಾರಣ ಇದ್ರೆ ಇರಬಹುದು," ಎಂದು ಅವಳು ಕನ್ನಡಿಯಲ್ಲಿ ನನ್ನ ಕಣ್ಣನ್ನು ನೋಡಿದಳು. "ಹೋಗೋಕೂ ಒಂದು ಕಾರಣ ಇದೆ."

ಎರಡನೆಯದು ಏನೆಂದು ಕೇಳುವ ಬುದ್ಧಿ ಬರಲಿಲ್ಲ. ಮೊದಲನೆಯದು ನಾನೇ ಎಂದು ಆಗಲೇ ತೀರ್ಮಾನಿಸಿಯಾಗಿತ್ತು. ಸೋಮವಾರ ಬೆಟ್ಟದ ತುದಿಯ ಕಲ್ಲಿನ ಗುಡಿಯ ಮುಂದೆ ನಿಂತು ಮದುವೆಯಾಗಿ ಎಂದು ಕೇಳಿಬಿಡುವುದು. ನಮ್ಮೂರಲ್ಲಿ ಗುಡಿಯ ಮುಂದೆ ಆಡಿದ ಮಾತಿಗೆ ತೂಕ ಹೆಚ್ಚು. ಅಮ್ಮನಿಗೆ ಹೇಳಿದೆ. ಅಮ್ಮ ಎಂದಿನಂತೆ ತನ್ನ ಕೆಲಸ ಮಾಡಿದಳು.

ಸೋಮವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಚಿಗುಸಾ ಜ್ವಾಲಾಮುಖಿ ವೀಕ್ಷಣಾಲಯದ ಬೆಳಗಿನ ಸೂಚನೆ ಓದಿ, ಗಾಳಿಯ ದಿಕ್ಕು ನೋಡಿ, ವಿಷಗಾಳಿ ಬಂದರೆ ಕೂಗುವ ಗ್ಯಾಸ್ ಮೀಟರನ್ನು ಎದೆಯ ಪಟ್ಟಿಗೆ ಸಿಕ್ಕಿಸಿಕೊಂಡಳು. ನಾವು ಮೂರೇ ಜನ. ನಾನು, ಉಮೆನೊ-ಸಾನ್, ಕಜಿವಾರಾ. ಉಮೆನೊ-ಸಾನ್ ಎಪ್ಪತ್ತು ದಾಟಿದ ಅಜ್ಜಿ. ಒಂದು ಕಾಲಕ್ಕೆ ಟೂರಿಸ್ಟ್ ಬಸ್ಸಿನಲ್ಲಿ ಮೈಕ್ ಹಿಡಿದು ಊರು ತೋರಿಸುತ್ತಿದ್ದವರು. ಬಸ್ಸು ಹೋಯಿತು, ಮೈಕ್ ಹೋಯಿತು, ಗಂಟಲು ಮಾತ್ರ ಉಳಿದಿದೆ. ಕಜಿವಾರಾ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು, ಬಾಗಿಲಿನಷ್ಟು ಅಗಲದ ಭುಜ.

"ಆಸ್ತಮಾ, ಹೃದಯದ ತೊಂದರೆ ಯಾರಿಗಾದ್ರೂ ಇದೆಯಾ? ಇದ್ರೆ ಈಗ್ಲೇ ಹೇಳಿ," ಎಂದು ಅವಳು ಪ್ರತಿ ಸಲದಂತೆ ಕೇಳಿದಳು.

"ನನ್ನ ನೋಡಿದ್ರೆ ಹಾಗನ್ಸುತ್ತಾ?" ಎಂದು ಕಜಿವಾರಾ ನಕ್ಕ.

ಅವಳು ಎಲ್ಲರ ಹೆಲ್ಮೆಟ್ ಪಟ್ಟಿ ಎಳೆದು ನೋಡಿದಳು. ನನ್ನದನ್ನು ಎಳೆಯುವಾಗ ಅವಳ ಬೆರಳು ಗಲ್ಲಕ್ಕೆ ತಾಗಿತು. "ಶೇವ್ ಚೆನ್ನಾಗಾಗಿದೆ. ಇವತ್ತು ಏನು ವಿಶೇಷ?"

"ಮೇಲೆ ಹೋದ ಮೇಲೆ ಹೇಳ್ತೀನಿ."

"ಹಾಂ, ಹಾಂ," ಎಂದು ಮುಂದೆ ನಡೆದಳು. ಹಿಂದೆ ನಾನು, ನನ್ನ ಹಿಂದೆ ಉಮೆನೊ-ಸಾನ್, ಎಲ್ಲರಿಗಿಂತ ಕೊನೆಗೆ ಕಜಿವಾರಾ.

ಕಲ್ಲು ಸಿಡಿದರೆ ಓಡಿ ಹೊಕ್ಕಲು ಕಟ್ಟಿದ ಕಾಂಕ್ರೀಟ್ ಸೂರಿನ ಹತ್ತಿರ ನಮಗೆ ಮೊದಲ ವಿಶ್ರಾಂತಿ. ಚಿಗುಸಾ ಮುಂದಿನ ದಾರಿ ನೋಡಲು ಸ್ವಲ್ಪ ಮೇಲೆ ಹೋಗಿದ್ದಳು. ಉಮೆನೊ-ಸಾನ್ ಉಪ್ಪಿನ ಪ್ಲಮ್ ಇಟ್ಟ ಅನ್ನದುಂಡೆ ಬಿಚ್ಚಿದರು.

"ಏನಪ್ಪಾ ಕಟಿಂಗ್ ಶಾಪು, ಒಬ್ಬೊಬ್ನೇ ನಗ್ತಿದ್ದೀಯ?"

"ಕಜಿವಾರಾ-ಸಾನ್‌ನ ನೋಡಿದ್ರೆ ಪಾಪ ಅನ್ಸುತ್ತೆ ಅಜ್ಜಿ. ಅಷ್ಟು ಹಿಂದೆ ಹಾಕಿದ್ದಾರೆ. ನನ್ನ ಪುಣ್ಯ ನೋಡಿ, ಯಾವಾಗ್ಲೂ ಗೈಡ್ ಬೆನ್ನಿಗೇ."

ಅನ್ನ ಅವರ ನೆತ್ತಿಗೆ ಹತ್ತಿತು. ಕೆಮ್ಮಿ, ನೀರು ಕುಡಿದು, ಕಣ್ಣೊರೆಸಿಕೊಂಡು ಕೇಳಿದರು. "ಪುಣ್ಯಾನಾ? ಗೈಡ್ ಬೆನ್ನ ಹಿಂದೆ ಯಾರನ್ನ ಹಾಕ್ತಾರೆ ಅಂತ ನಿಂಗೆ ನಿಜವಾಗ್ಲೂ ಗೊತ್ತಿಲ್ವಾ?"

"ಯಾರನ್ನ?"

"ತಂಡದಲ್ಲಿ ಎಲ್ಲರಿಗಿಂತ ಕೈಲಾಗದೋರನ್ನ ಕಣಪ್ಪಾ! ಅವರ ಕಾಲು ನೋಡ್ಕೊಂಡು ಗೈಡ್ ತನ್ನ ಕಾಲು ಹಾಕೋದು. ಕೊನೇಲಿ ನಿಲ್ಲಿಸೋದು ಗಟ್ಟಿಗನ್ನ, ನಂಬಿಕಸ್ಥನ್ನ."

"ಮತ್ತೆ... ಮಾತಾಡ್ತಾ ಬನ್ನಿ ಅಂತಾರಲ್ಲ?"

"ಏದುಸಿರು ಬಂದಿದೆಯಾ ಅಂತ ನೋಡೋಕೆ. ಇನ್ನೇನು, ನಿಮ್ಮಮ್ಮನ ಮೂಲಂಗಿ ಪುರಾಣ ಕೇಳೋಕೆ ಅಂದ್ಕೊಂಡ್ಯಾ?"

ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಜ್ವಾಲಾಮುಖಿಯ ಮೇಲೆ ಕೂತು ಹಾಗೆ ಅಂದುಕೊಳ್ಳುವುದು ಒಳ್ಳೆಯದಲ್ಲ, ಆದರೂ ಅನ್ನಿಸಿತು. ವಸಂತದಿಂದ ಊರೆಲ್ಲ ಜಂಭ ಕೊಚ್ಚಿದ್ದು ಒಂದೊಂದಾಗಿ ನೆನಪಾಯಿತು. ಅವಳು ನನ್ನನ್ನು ತಿರುಗಿ ತಿರುಗಿ ನೋಡಿದ್ದು ನಾನು ಬೀಳುತ್ತೇನೆಂದು. ಅಷ್ಟೇ.

ಮತ್ತೆ ಹೊರಟಾಗ ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ದೂರ ಹೋಗಿ ಅವಳು ನಿಂತಳು.

"ಸುಸ್ತಾಯ್ತಾ?"

"ಇಲ್ಲ."

"ಮತ್ತೆ ಮಾತೇ ಇಲ್ಲ?"

"ಮಾತಾಡಿದ್ರೂ ನೀವು ಕೇಳೋದು ಉಸಿರನ್ನ ತಾನೇ."

ಅವಳು ನನ್ನ ಭುಜದ ಮೇಲಿಂದ ಉಮೆನೊ-ಸಾನ್ ಕಡೆ ನೋಡಿದಳು. ಅವರು ಇದ್ದಕ್ಕಿದ್ದಂತೆ ಕಣಿವೆಯ ಅಂದ ನೋಡತೊಡಗಿದರು. ಚಿಗುಸಾಳ ಕೆನ್ನೆ ಕೆಂಪಾಯಿತೋ, ಬಿಸಿಲೋ, ನನಗೆ ತಿಳಿಯಲಿಲ್ಲ.

"ಎರಡನ್ನೂ ಕೇಳ್ತೀನಿ," ಎಂದು ತಿರುಗಿ ನಡೆದಳು.

ಆ ಎರಡು ಮಾತು ಹಿಡಿದುಕೊಂಡು ಮಿಕ್ಕ ದಾರಿ ಹತ್ತಿದೆ. ಕೈಲಾಗದವನೇ ಆಗಲಿ, ಕೇಳುವುದು ಕೇಳೇಬಿಡುವುದು. ಅವಳು ಇಲ್ಲವೆಂದರೆ ಅಲ್ಲಿಗಾದರೂ ಮುಗಿಯುತ್ತದೆ. ಕೇಳದೆ ಕಳಿಸಿಕೊಟ್ಟರೆ ಪ್ರತಿ ಸೋಮವಾರ ಖಾಲಿ ಕುರ್ಚಿ ನೋಡುತ್ತಾ ಮುದುಕನಾಗಬೇಕು.

ಹುಲ್ಲು ಮುಗಿದು ಕಪ್ಪು ಜಲ್ಲಿಯ ಏರು ಶುರುವಾಯಿತು. ಅದರಾಚೆ ಕುಳಿಯ ಅಂಚು, ಅಂಚಿನ ಮೇಲೆ ಗುಡಿಯ ಕಲ್ಲು ಚೂರು ಕಾಣುತ್ತಿತ್ತು. ಎದೆಯೊಳಗೆ ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಗಾಳಿ ಮಗ್ಗುಲು ಬದಲಿಸಿತು. ಮೂಗಿನೊಳಗೆ ಸೂಜಿ ಇಟ್ಟಂಥ ವಾಸನೆ. ಅವಳ ಎದೆಯ ಮೀಟರ್ ಕೂಗತೊಡಗಿತು.

"ಟವೆಲ್ ಒದ್ದೆ ಮಾಡಿ ಮೂಗಿಗೆ ಹಿಡೀರಿ. ಇಳೀತಿದ್ದೀವಿ."

"ಗುಡಿ ಅಲ್ಲೇ ಕಾಣ್ತಿದೆ!" ಎಂದೆ. "ಇನ್ನೊಂಚೂರು, ಓರಿತಾ-ಸಾನ್. ಗಾಳಿ ಮತ್ತೆ ತಿರುಗಬಹುದು. ನಂಗೆ ಅಲ್ಲಿ ಒಂದು ಮಾತು ಹೇಳೋದಿದೆ."

"ಮಾತು ಕೆಳಗೂ ಹೇಳ್ಬಹುದು. ಸತ್ತೋರು ಎಲ್ಲೂ ಹೇಳೋಕಾಗಲ್ಲ."

ಅವಳ ದನಿಯಲ್ಲಿ ಕೀಟಲೆ ಇರಲಿಲ್ಲ. ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆದರೆ ಅದೇ ಹೊತ್ತಿಗೆ ಹಿಂದೆ ಕಜಿವಾರಾ ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ. ಅಷ್ಟು ದೊಡ್ಡ ಆಳು ಮಂಡಿಯೂರಿ, ಉಸಿರು ಎಳೆಯುವಾಗ ಕೊಳಲಿನಂಥ ಸದ್ದು. ನನ್ನ ಸಿಟ್ಟು ಎಲ್ಲಿ ಹೋಯಿತೋ.

ಚಿಗುಸಾ ಆಗಲೇ ಅವನ ಪಕ್ಕದಲ್ಲಿದ್ದಳು. "ಆಸ್ತಮಾ ಇದೆ ಅಲ್ವಾ?"

ಅವನು ತಲೆಯಾಡಿಸಿದ. "ಚಿಕ್ಕೋನಿದ್ದಾಗ... ಬಿಟ್ಟುಹೋಗಿದೆ ಅಂದ್ಕೊಂಡಿದ್ದೆ." ಜೇಬಿನಿಂದ ಪಂಪು ತೆಗೆದ. ಬಿಟ್ಟುಹೋದ ಕಾಯಿಲೆಯ ಪಂಪು ಜೇಬಲ್ಲಿ ಹೇಗಿತ್ತು ಎಂದು ಅವಳು ಕೇಳಲಿಲ್ಲ. ಎರಡು ಸಲ ಎಳೆಸಿದಳು, ಎಬ್ಬಿಸಿದಳು, ತನ್ನ ಬೆನ್ನಿಗೇ ನಿಲ್ಲಿಸಿಕೊಂಡಳು. ಅವನ ಹಿಂದೆ ಉಮೆನೊ-ಸಾನ್. ಆಮೇಲೆ ನನ್ನ ಕಡೆ ನೋಡಿದಳು.

"ಸೊಗಾಬೆ-ಸಾನ್, ಕೊನೆಗೆ ನೀವು."

"ನಾನಾ?"

"ಯಾರೂ ನಿಮ್ಮ ಹಿಂದೆ ಉಳೀಬಾರದು. ಮೇಲಿಂದ ಕಲ್ಲು ಬಂದ್ರೆ ಕೂಗಿ. ಮುಂದಿರೋರ ಕಾಲು ನೋಡ್ತಾ ಇರಿ. ನಾನು ಹಿಂದೆ ತಿರುಗಿ ನೋಡಲ್ಲ, ಇವರನ್ನ ನೋಡ್ಬೇಕು. ಹಿಂದಿನದೆಲ್ಲಾ ನಿಮ್ಮದು."

ಕಪ್ಪು ಜಲ್ಲಿ ಕಾಲಡಿ ಜಾರುತ್ತಿತ್ತು. ಒದ್ದೆ ಟವೆಲಿನಲ್ಲಿ ಉಸಿರಾಡುತ್ತಾ ಇಳಿದೆ. ನನ್ನಿಂದ ಅವಳು ಅಷ್ಟು ದೂರ ಇದ್ದದ್ದು ಅದೇ ಮೊದಲು, ಹೆಲ್ಮೆಟ್ಟಿನ ಹಳದಿ ಬಿಟ್ಟರೆ ಏನೂ ಕಾಣದು. ಒಮ್ಮೆ ಮೇಲಿಂದ ಮುಷ್ಟಿಗಾತ್ರದ ಕಲ್ಲು ಉರುಳಿತು. "ಕಲ್ಲು! ಎಡಗಡೆ ಬರ್ತಿದೆ!" ಎಂದು ಕೂಗಿದೆ. ಮೂವರೂ ಬಲಕ್ಕೆ ಸರಿದರು, ಅದು ಹಾದುಹೋಯಿತು. ಆಮೇಲೆ ಉಮೆನೊ-ಸಾನ್ ಕಾಲು ಕಣ್ಣಿಗೆ ಬಿತ್ತು. ಪ್ರತಿ ಹೆಜ್ಜೆಗೂ ಬಲಪಾದ ಹೊರಗೆ ತಿರುಗುತ್ತಿತ್ತು, ಮಂಡಿ ನಡುಗುತ್ತಿತ್ತು. ಬಾಯಿ ಮಾತ್ರ ಬಿಗಿ.

"ಓರಿತಾ-ಸಾನ್! ನಿಧಾನ! ಅಜ್ಜಿ ಮಂಡಿ ಹಿಡಿದಿದೆ!"

"ಚಾಡಿಕೋರ!" ಎಂದು ಉಮೆನೊ-ಸಾನ್ ತಿರುಗದೆಯೇ ಬೈದರು. ಮುಂದಿನ ಹಳದಿ ಹೆಲ್ಮೆಟ್ ಮಾತ್ರ ತಕ್ಷಣ ನಿಧಾನವಾಯಿತು. ನಾನು ಅಜ್ಜಿಯ ಬೆನ್ನಚೀಲ ಇಸಿದುಕೊಂಡು ನನ್ನ ಎದೆಗೆ ಹಾಕಿಕೊಂಡೆ.

ಕಾಂಕ್ರೀಟ್ ಸೂರು ದಾಟಿದ ಮೇಲೆ ಗಾಳಿ ತಿಳಿಯಾಯಿತು. ಹುಲ್ಲಿನ ಮೇಲೆ ನಿಂತು ಚಿಗುಸಾ ಕೊನೆಗೂ ತಿರುಗಿದಳು.

"ಎಲ್ಲಾ ಇದ್ದಾರೆ," ಎಂದೆ.

"ಗೊತ್ತು," ಎಂದಳು. ಆದರೂ ಬೆರಳು ತೋರಿಸಿ ಒಬ್ಬೊಬ್ಬರನ್ನೇ ಎಣಿಸಿದಳು.

ಕೆಳಗೆ ಕಜಿವಾರಾನನ್ನು ಆಸ್ಪತ್ರೆಗೆ ಕರೆದೊಯ್ಯಲು ಕಾರು ಬಂದಿತ್ತು. ಅವನು ಎಲ್ಲರಿಗೂ ಸೊಂಟ ಬಗ್ಗಿಸಿ ಕ್ಷಮೆ ಕೇಳಿದ. "ನಾಳೆ ಮಕ್ಕಳಿಗೆ ಏನಂತ ಹೇಳ್ಲಿ?"

"ಮುದುಕೀನ ಕೈ ಹಿಡಿದು ಇಳಿಸಿದೆ ಅಂತ ಹೇಳು, ನಾನೇನು ಬಂದು ನೋಡ್ತೀನಾ?" ಎಂದು ಉಮೆನೊ-ಸಾನ್ ಅವನನ್ನು ಕಾರಿನೊಳಗೆ ನೂಕಿ ತಾವೂ ಹತ್ತಿದರು. ಕಿಟಕಿಯಿಂದ ನನ್ನನ್ನು ನೋಡಿ ಬೇಗ ಬೇಗ ಎಂದು ಕೈ ಆಡಿಸಿದರು.

ನಾವಿಬ್ಬರೇ ಉಳಿದೆವು. ಬೂಟಿನ ಬೂದಿ ತೊಳೆಯುವ ನಲ್ಲಿಯ ಹತ್ತಿರ ಬಗ್ಗಿ ಬ್ರಷ್ ಹಿಡಿದೆವು.

"ಮೇಲೆ ಏನೋ ಹೇಳೋದಿತ್ತಲ್ಲ," ಎಂದಳು ಬೂಟಿಗೆ. "ತೋಫು ಅಂಗಡಿಯವರು ಬೆಳಿಗ್ಗೆನೇ ಶುಭಾಶಯ ಹೇಳಿದ್ರು. ನಿಮ್ಮಮ್ಮ ನಿನ್ನೆ ಮೂಲಂಗಿ ಕಳಿಸಿದ್ದಾರೆ."

ಮುಚ್ಚಿಡಲು ಏನು ಉಳಿದಿತ್ತು? "ನಂಗೆ ನೀವಂದ್ರೆ ಇಷ್ಟ. ತುಂಬಾ ಇಷ್ಟ. ಹೊಕ್ಕೈಡೊಗೆ ಹೋಗ್ಬೇಡಿ ಅಂತ ಕೇಳೋದಿತ್ತು. ಆದ್ರೆ ಎರಡನೇ ಜಾಗದ ಅರ್ಥ ಇವತ್ತು ತಿಳೀತು. ನಾನೇ ಏನೋ ಅಂದ್ಕೊಂಡುಬಿಟ್ಟಿದ್ದೆ."

ಅವಳು ಬ್ರಷ್ ಕೆಳಗಿಟ್ಟಳು.

"ಮೊದಲ ಸಲ ನಿಮ್ಮನ್ನ ಅಲ್ಲಿ ಹಾಕಿದ್ದು ಉಮೆನೊ-ಸಾನ್ ಹೇಳಿದ ಕಾರಣಕ್ಕೇ. ಆ ಹೊಟ್ಟೆ, ಆ ಹೊಸ ಶೂ ನೋಡಿ ಹೆದರಿದ್ದೆ. ಆದ್ರೆ ಮಳೆಗಾಲ ಮುಗಿಯೋ ಹೊತ್ತಿಗೆ ನಿಮ್ಮ ಕಾಲು ಗಟ್ಟಿಯಾಗಿತ್ತು. ಆಮೇಲೂ ನಿಮ್ಮನ್ನೇ ಹಾಕ್ತಾ ಬಂದೆ."

"ಯಾಕೆ?"

"ಯಾಕೆ ಅಂತೆ! ನೀವು ಹಿಂದೆ ಇದ್ರೆ ನಂಗೆ ಖುಷಿಯಾಗ್ತಿತ್ತು. ಸಾಕಾ?"

ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಆದರೆ ಅವಳ ಮುಖದಲ್ಲಿ ನಗು ಇರಲಿಲ್ಲ.

"ಇವತ್ತು ಆ ಜಾಗದಲ್ಲಿ ಉಮೆನೊ-ಸಾನ್ ಇರ್ಬೇಕಿತ್ತು. ಅವರ ಮಂಡಿ ನೋಡಿದ್ದು ನೀವು, ನಾನಲ್ಲ. ನನ್ನ ಖುಷಿಗೆ ಸಾಲು ಕೆಡಿಸಿದೆ. ಹೋಗೋಕೆ ಒಂದು ಕಾರಣ ಇದೆ ಅಂದಿದ್ದೆನಲ್ಲ, ಇದೇ. ನೀವು ಬೆನ್ನ ಹಿಂದೆ ಇರೋವರೆಗೂ ನಾನು ಒಳ್ಳೇ ಗೈಡ್ ಆಗಲ್ಲ. ಆ ಕೆಲಸ ಇಲ್ಲದೆ ನಂಗೆ ಬದುಕೋಕೆ ಬರಲ್ಲ, ಸೊಗಾಬೆ-ಸಾನ್."

ನಲ್ಲಿ ಸುರಿಯುತ್ತಲೇ ಇತ್ತು. ನಾನು ತಿರುಗಿಸಿ ನಿಲ್ಲಿಸಿದೆ.

"ಹಾಗಾದ್ರೆ ನಾನು ಬರಲ್ಲ."

"ಎಲ್ಲಿಗೆ?"

"ಬೆಟ್ಟಕ್ಕೆ. ಇನ್ಮೇಲೆ ಬರೋದೇ ಇಲ್ಲ. ನಿಜ ಹೇಳ್ಬೇಕಂದ್ರೆ ಬೆಟ್ಟ ಕಂಡ್ರೆ ನಂಗಾಗಲ್ಲ. ಕಾಲುಗುರೆಲ್ಲ ಕಪ್ಪಾಗಿದೆ, ಮಂಗಳವಾರ ನಿಂತು ಕತ್ತರಿ ಹಿಡಿಯೋಕಾಗಲ್ಲ. ಅಲ್ಲಿ ನಂಗೆ ಇಷ್ಟವಾಗಿದ್ದು ಒಂದೇ, ಅದು ನನ್ನ ಮುಂದೆ ನಡೀತಿತ್ತು. ಅದು ದಿನಾ ಸಂಜೆ ಇಳಿದು ಮನೆಗೇ ಬರೋದಾದ್ರೆ ನಾನ್ಯಾಕೆ ಹತ್ತಲಿ? ಚಿಗುಸಾ-ಸಾನ್, ನನ್ನ ಮದುವೆ ಆಗಿ. ನೀವು ಮೇಲೆ ಸಾಲು ನೋಡ್ಕೊಳ್ಳಿ, ನಾನು ಕೆಳಗೆ ಅನ್ನಕ್ಕಿಡ್ತೀನಿ."

ಅವಳು ನನ್ನನ್ನೇ ನೋಡಿದಳು. ಕನ್ನಡಿಯಿಲ್ಲದೆ, ನೇರವಾಗಿ.

"ಅಷ್ಟೂ ಸೋಮವಾರ ಇಷ್ಟ ಇಲ್ಲದೆ ಹತ್ತಿದ್ರಾ?"

"ಒಂದನ್ನೂ ಬಿಡದೆ."

"ಹುಚ್ಚು," ಎಂದಳು. ಅವಳ ಕಣ್ಣು ತುಂಬಿತ್ತು. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಫೋನ್ ತೆಗೆದಳು. "ಸ್ವಲ್ಪ ಸುಮ್ಮನಿರಿ. ಒಂದು ಸಲಾನಾದ್ರೂ."

ಆ ಕಡೆ ಯಾರೋ ಎತ್ತಿದರು. ಇಷ್ಟು ದಿನ ಕಾಯಿಸಿದ್ದಕ್ಕೆ ಕ್ಷಮಿಸಬೇಕು, ತಾನು ಬರಲಾಗುವುದಿಲ್ಲ, ಇಲ್ಲೇ ಇರಬೇಕಾಗಿ ಬಂದಿದೆ ಎಂದು ಚಿಗುಸಾ ಹೇಳಿದಳು. ಹೇಳುತ್ತಾ ಕಾಣದ ಆ ಹೊಕ್ಕೈಡೊದವರಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದಳು, ಮತ್ತೊಮ್ಮೆ, ಮತ್ತೊಮ್ಮೆ. ಅವಳ ಅಷ್ಟು ಒಳ್ಳೆಯ ಕೆಲಸ ತಪ್ಪಿಸಿದವನು ನಾನೇ ಅಲ್ಲವೇ? ಬೂಟು ಕೈಯಲ್ಲಿ ಹಿಡಿದುಕೊಂಡೇ ಅವಳ ಪಕ್ಕ ನಿಂತು ನಾನೂ ಬಗ್ಗಿದೆ.